ನೀರು ಕಾಣದ ಕೆಂಪು ಬಟ್ಟೆ

ಕಳೆದ ವರ್ಷ ಶರಣಬಸವೇಶ್ವರ ಜಾತ್ರೆ ಮುಗಿದ ವಾರ ನನ್ನ ತಂಗಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ನಾನೇ ಕೂಸಿಗೆ ಹೊದಿಸುವ ಕೌದಿ ಹೊಲಿದು ಕೊಡ್ತೀನಿ ಅಂತ ಮಾತು ಕೊಟ್ಟೆ. ಕೈಯಲ್ಲಿ ಹನ್ನೆರಡು ದಿನವಷ್ಟೇ ಇತ್ತು.

ನಮ್ಮ ಕಲಬುರಗಿ ಕಡೆ ಕೌದಿ ಅಂದರೆ ಹಳೆ ಬಟ್ಟೆಯದೇ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಸಣ್ಣ ಹೊಲಿಗೆ ಹಾಕುತ್ತಾ ಬರುವುದು. ಹೊಲಿಯುವ ಮುಂಚೆ ಬಟ್ಟೆ ಒಗೆಯಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ನಮ್ಮ ಆಯಿಯ, ಅಂದರೆ ಅಜ್ಜಿಯ, ಕಾಲದಲ್ಲಿ ಇರಲಿಲ್ಲ. ಆ ಸೀರೆಗಳು ನೂರಾರು ಸಲ ನೀರು ಕಂಡಿರುತ್ತಿದ್ದವು. ಕುಗ್ಗುವುದಿದ್ದರೆ ಕುಗ್ಗಿ ಆಗಿರುತ್ತಿತ್ತು, ಬಣ್ಣ ಬಿಡುವುದಿದ್ದರೆ ಬಿಟ್ಟು ಆಗಿರುತ್ತಿತ್ತು.

ನಾನು ಮಾಡಿದ ತಪ್ಪು ಹಳೆಯದರ ಜೊತೆ ಹೊಸದನ್ನು ಸೇರಿಸಿದ್ದು. ಅಲ್ಲ, ಸೇರಿಸಿದ್ದು ತಪ್ಪಲ್ಲ. ಒಗೆಯದೆ ಸೇರಿಸಿದ್ದು.

ಒಳಗಿನ ಪದರಿಗೆ ಆಯಿ ತನ್ನ ಟ್ರಂಕಿನಿಂದ ಮುತ್ಯಾನ, ಅಂದರೆ ನಮ್ಮ ಅಜ್ಜನ, ಬಿಳಿ ಧೋತರ ತೆಗೆದುಕೊಟ್ಟಳು. ಮುತ್ಯಾ ಹೋಗಿ ಒಂಬತ್ತು ವರ್ಷವಾಗಿತ್ತು, ಅಷ್ಟು ದಿನ ಅದನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಅದರ ಒಂದು ಭಾಗ ಕೂಸಿನ ಮೈಗೆ ತಾಗುವ ಕಡೆ ಬರಲಿ ಅಂತ ಅಡಿಗೆ ಹಾಸಿದೆ. ಅಂಚಿಗೆ ಅಂತ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿ ಎರಡು ಮೀಟರ್ ಕೆಂಪು ಕಾಟನ್ ತಂದೆ. ಎಂಥಾ ಕೆಂಪು ಅಂತೀರಿ, ಇಳಕಲ್ ಸೀರೆ ಸೆರಗಿನ ಕೆಂಪು! ಹೊಸ ಬಟ್ಟೆಯ ಗಂಜಿ ಇನ್ನೂ ಗಟ್ಟಿಯಾಗಿತ್ತು, ಕತ್ತರಿ ನೇರ ಓಡುತ್ತಿತ್ತು, ಮಡಚಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಒಗೆದರೆ ಈ ಬಿಗಿ ಹೋಗುತ್ತೆ, ಮೇಲೆ ಒಂದು ದಿನ ಹಾಳು ಅನಿಸಿತು.

ಆಯಿ ಮಾತ್ರ ಹೇಳಿದ್ದಳು. "ಹೊಸ ಅರಬಿಗಿ ಮೊದಲ ನೀರ ತೋರ್ಸವ್ವಾ. ಕೆಂಪಂದ್ರ ನಂಬಬ್ಯಾಡ." ನಾನು ಹೂಂ ಅಂದೆ, ಒಗೆಯಲಿಲ್ಲ.

ತೊಟ್ಟಿಲ ಕಾರ್ಯದ ದಿನ ಎಲ್ಲರೂ ಕೌದಿಯನ್ನು ಕೈಯಲ್ಲಿ ಹಿಡಿದು ಹಿಡಿದು ನೋಡಿದರು. ನಾಲ್ಕನೇ ದಿನ ಕೂಸು ಒದ್ದೆ ಮಾಡಿತು. ತಂಗಿ ಅದನ್ನು ಬಿಸಿನೀರಲ್ಲಿ ನೆನೆಸಿಟ್ಟು ಊಟಕ್ಕೆ ಹೋದಳು. ಮುಗಿಸಿ ಬಂದು ನೋಡಿದರೆ ಬಕೆಟ್ ನೀರು ಕೆಂಪಾಗಿತ್ತು. ಗಾಬರಿಯಾಗಿ ಹಿಂಡಿ, ಮಡಚಿದ ಹಾಗೇ ತಂತಿಗೆ ಹಾಕಿದಳು. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ, ಒಂದು ತಾಸಿನಲ್ಲಿ ಒಣಗಿಹೋಯಿತು.

ನಾನು ಹೋದಾಗ ಎರಡು ಕೆಡುಕು ಕಂಡವು. ಮುತ್ಯಾನ ಧೋತರದ ಮೇಲೆ ಅಂಗೈ ಅಗಲದ ಗುಲಾಬಿ ಕಲೆಗಳು. ಇನ್ನೊಂದು, ಸುತ್ತಲಿನ ಕೆಂಪು ಅಂಚು ಕುಗ್ಗಿ, ಒಳಗಿನ ಹಳೆ ಬಟ್ಟೆ ಇದ್ದಷ್ಟೇ ಇದ್ದು, ನಡುಭಾಗ ಉಬ್ಬಿ ನಿಂತಿತ್ತು. ಎಷ್ಟು ಎಳೆದರೂ ಸಪಾಟಾಗಲಿಲ್ಲ. ಆಯಿ ಬೈಯಲಿಲ್ಲ. ಆ ಕಲೆಯ ಮೇಲೆ ಬೆರಳು ಆಡಿಸಿದಳು, ಆಡಿಸುತ್ತಲೇ ಇದ್ದಳು. ನನಗೆ ಅಳು ಬಂತು.

ಪಕ್ಕದ ಮನೆಯವರು ಉಪ್ಪು ನೀರಲ್ಲಿ ಹಾಕು, ಬಣ್ಣ ನಿಲ್ಲುತ್ತೆ ಅಂದರು. ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ತಿಳಿದುಕೊಂಡೆ: ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹೋಗಿ ಹತ್ತಲಿ ಅಂತ ಉಪ್ಪು ಬಳಸುತ್ತಾರೆ, ಅದು ನಿಜ. ಆದರೆ ಅಂಗಡಿಯಿಂದ ತಂದ ಬಟ್ಟೆಯಲ್ಲಿ ನೂಲಿಗೆ ಹಿಡಿಯದೆ ಸುಮ್ನೆ ಮೇಲೆ ಕೂತ ಬಣ್ಣ ಉಪ್ಪಿಗೆ ನಿಲ್ಲುವುದಿಲ್ಲ. ಅದನ್ನು ಒಗೆದು ಒಗೆದೇ ಹೊರಗೆ ಹಾಕಬೇಕು. ಬಣ್ಣ ಹತ್ತಿದ ಕೂಡಲೇ, ಇನ್ನೂ ಒದ್ದೆ ಇರುವಾಗಲೇ, ದೊಡ್ಡ ಬಕೆಟ್ಟಿನಲ್ಲಿ ಬಿಸಿನೀರು, ಸೋಪಿನ ಪುಡಿ ಹಾಕಿ ನೆನೆಸಿ, ನೀರು ಬದಲಿಸುತ್ತಾ ಹೋಗಿದ್ದರೆ ಬಹಳಷ್ಟು ಹೋಗುತ್ತಿತ್ತಂತೆ. ಒಣಗಿದ ಮೇಲೆ, ಅದರಲ್ಲೂ ಕಾವಿನಲ್ಲಿ ಒಣಗಿದ ಮೇಲೆ, ಕಷ್ಟ. ಇದನ್ನು ಓದುವವರು ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ಬಣ್ಣ ಬಿಟ್ಟ ಬಟ್ಟೆಯನ್ನು ಒಣಗಿಸಬೇಡಿ, ಇಸ್ತ್ರಿಯಂತೂ ಮುಟ್ಟಿಸಲೇಬೇಡಿ.

ಮೂರು ರಾತ್ರಿ ಕೂತು ಅಂಚಿನ ಹೊಲಿಗೆ ಬಿಚ್ಚಿದೆ. ಉಳಿದಿದ್ದ ಕೆಂಪು ಬಟ್ಟೆಯಲ್ಲಿ ಸರಿಯಾಗಿ ಒಂದು ಮೀಟರ್ ಅಳೆದು ಬಿಸಿನೀರಿಗೆ ಹಾಕಿದೆ. ಒಣಗಿದ ಮೇಲೆ ಟೇಪ್ ಹಿಡಿದರೆ ಉದ್ದಕ್ಕೆ 96 ಸೆಂಟಿಮೀಟರ್! ಅಗಲಕ್ಕೆ ಅಷ್ಟೇನೂ ಕುಗ್ಗಿರಲಿಲ್ಲ. ಮಗ್ಗದಲ್ಲಿ ಉದ್ದದ ಎಳೆಗಳನ್ನು ಬಿಗಿಯಾಗಿ ಎಳೆದು ನೇಯ್ದಿರುತ್ತಾರೆ, ನೀರು ತಾಗಿದಾಗ ಆ ಬಿಗಿ ಸಡಿಲಾಗಿ ನೂಲು ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಮೀಟರಿಗೆ ನಾಲ್ಕು ಸೆಂಟಿಮೀಟರ್ ಅಂದರೆ ಕೇಳಲು ಸಣ್ಣದು. ಆದರೆ ಕುಗ್ಗುವ ಬಟ್ಟೆಯನ್ನು ಕುಗ್ಗದ ಬಟ್ಟೆಗೆ ಹೊಲಿದಿಟ್ಟರೆ ಅಷ್ಟೇ ಸಾಕು.

ಈ ಸಲ ಕತ್ತರಿಸುವ ಮುಂಚೆಯೇ, ತುಂಡು ಮಾಡದೆ, ಇಡೀ ಬಟ್ಟೆಯನ್ನೇ ಒಗೆದೆ. ತುಂಡು ಮಾಡಿ ಒಗೆದರೆ ಅಂಚಿನ ಎಳೆ ಬಿಚ್ಚಿ ಗಂಟು ಗಂಟಾಗುತ್ತದೆ. ಜೊತೆಗೆ ಒಂದು ಬಿಳಿ ಚಿಂದಿ ಹಾಕಿದೆ. ಅರ್ಧ ತಾಸು ಬಿಟ್ಟು ತೆಗೆದರೆ ಚಿಂದಿ ಕೆಂಪು. ಎರಡನೇ ನೀರಿಗೆ ಗುಲಾಬಿ. ಮೂರನೇ ನೀರಿಗೂ ತೆಳು ಗುಲಾಬಿ. ನಾಲ್ಕನೇ ನೀರಿಗೆ ಹೊಸ ಚಿಂದಿ ಹಾಕಿದೆ, ಬಿಳಿಯಾಗೇ ಹೊರಬಂತು. ನೆರಳಲ್ಲಿ ಹರಡಿ ಒಣಗಿಸಿದೆ. ಮೆತ್ತಗಾಗಿ ಕೈಗೆ ಸಿಗದಂತಾಗಿತ್ತು ನಿಜ, ಅದಕ್ಕೆ ಅನ್ನದ ಗಂಜಿ ತೆಳ್ಳಗೆ ಮಾಡಿ ಅದ್ದಿ ಇಸ್ತ್ರಿ ಮಾಡಿದೆ. ಹೊಸದರ ಬಿಗಿ ವಾಪಸ್ ಬಂತು. ಇಷ್ಟಕ್ಕೇ ಅಲ್ವಾ ನಾನು ಮೊದಲು ಒಗೆಯದೆ ಬಿಟ್ಟದ್ದು!

ನಮ್ಮ ವೈನಿ, ಅಂದರೆ ಅತ್ತಿಗೆ, ಈಗಲೂ ಒಪ್ಪುವುದಿಲ್ಲ. ಅವರು ಪೂರ್ತಿ ಹೊಸ ಬಟ್ಟೆಯಲ್ಲೇ, ಎಲ್ಲ ಪದರಿಗೂ ಒಂದೇ ಥಾನಿನ, ಅಂದರೆ ಅಂಗಡಿಯ ಒಂದೇ ಸುರುಳಿಯ, ಕಾಟನ್ ತಂದು ಹೊಲಿಯುತ್ತಾರೆ. ಮೊದಲ ಒಗೆತಕ್ಕೆ ಎಲ್ಲವೂ ಒಟ್ಟಿಗೆ ಕುಗ್ಗಿ, ಹೊಲಿಗೆ ಸಾಲಿನ ನಡುವೆ ಸಣ್ಣ ಸಣ್ಣ ನೆರಿಗೆ ಬಂದು ಹಳೆ ಕೌದಿಯ ರೂಪ ಬರುತ್ತದೆ, ಅದೇ ಚಂದ ಅಂತಾರೆ. ಅವರದು ತಪ್ಪಲ್ಲ. ಒಂದೇ ಥಾನು, ತಿಳಿ ಬಣ್ಣ ಆದರೆ ನಡೆಯುತ್ತದೆ. ಆದರೆ ಮನೆಯಲ್ಲಿ ಯಾರೋ ಉಟ್ಟು ಬಿಟ್ಟ ಸೀರೆ, ಧೋತರಕ್ಕೆ ಹೊಸದನ್ನು ಕೂಡಿಸುವಾಗ ನಾನು ಇನ್ನು ಯಾರ ಮಾತೂ ಕೇಳುವುದಿಲ್ಲ. ಹೊಸದು ಕೆಟ್ಟರೆ ಇನ್ನೊಂದು ತರಬಹುದು, ಮುತ್ಯಾನ ಧೋತರ ಎಲ್ಲಿಂದ ತರಲಿ?

ಕಲೆಯಾದ ತುಂಡನ್ನು ಆಯಿ ಎಸೆಯಲು ಬಿಡಲಿಲ್ಲ. "ಒಳಪದರಿಗಿ ಹಾಕು, ಕೂಸಿನ ಸಂಗಟನೇ ಇರ್ಲಿ" ಅಂದಳು. ಈಗ ಅದು ಕೌದಿಯ ನಡುವೆ ಎರಡು ಪದರಿನ ಒಳಗಿದೆ. ಹೊರಗೆ ಧೋತರದ ಉಳಿದ ಬಿಳಿ ಭಾಗ ಬಂದಿದೆ. ಕೂಸು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಕೌದಿ ಎಷ್ಟು ಸಲ ಒಗೆದಿದ್ದಾರೋ ಲೆಕ್ಕವಿಲ್ಲ, ನಡು ಸಪಾಟಾಗೇ ಇದೆ. ಉಳಿದ ಕೆಂಪು ಬಟ್ಟೆ ನನ್ನ ಟ್ರಂಕಿನಲ್ಲಿದೆ. ಅದರ ಮೂಲೆಗೆ ಬಿಳಿ ದಾರದ ಒಂದು ಗಂಟು ಹಾಕಿಟ್ಟಿದ್ದೇನೆ, ಇದು ನೀರು ಕಂಡದ್ದು ಅಂತ ಗುರುತಿಗೆ.