ರೇಸಿಂಗ್ ಆಯಿಲ್ ಯಾವ ಗಾಡಿಗೆ, ರಸ್ತೆಯ ಆಯಿಲ್ ಯಾವ ಗಾಡಿಗೆ

ಹೊಸ ಬೈಕಿನ ಮೊದಲ ಸರ್ವಿಸ್ ಮುಗಿಸಿಕೊಂಡು ಬಂದ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಕಂಪನಿ ಹೇಳಿದ ಆಯಿಲ್ ಬಿಟ್ಟು ರೇಸಿಂಗ್ ಆಯಿಲ್ ಹಾಕಿಸಿದರೆ ಎಂಜಿನ್‌ಗೆ ಇನ್ನೂ ಒಳ್ಳೆಯದಲ್ಲವೇ? ನನ್ನ ಅಕ್ಕನ ಮಗನೂ ತನ್ನ ಇಂಟರ್‌ಸೆಪ್ಟರ್ 650 ಬೈಕಿನ ಬಗ್ಗೆ ಇದನ್ನೇ ಕೇಳಿದ. "ಮಾವ, ರೇಸಿಗೇ ತಡೆಯುವ ಆಯಿಲ್ ನಮ್ಮ ಹುಣಸೂರು ರಸ್ತೆಗೆ ತಡೆಯುವುದಿಲ್ಲವೇ?" ಎಂಬುದು ಅವನ ವಾದ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದದೊಳಗೆ ಒಂದು ಊಹೆ ಅಡಗಿದೆ: ರೇಸ್ ಟ್ರ್ಯಾಕಿನಲ್ಲಿ ಎಂಜಿನ್ ಪಡುವ ಪಾಡೂ ಊರಿನ ರಸ್ತೆಯಲ್ಲಿ ಪಡುವ ಪಾಡೂ ಒಂದೇ ಬಗೆಯವು, ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಎಂಬ ಊಹೆ. ಅವೆರಡೂ ಬೇರೆ ಬೇರೆ ಬಗೆಯವು ಎಂಬುದನ್ನು ಒಪ್ಪಿಕೊಂಡರೆ ಮಾತ್ರ ಆಯಿಲ್ ಆಯ್ಕೆಯ ಲೆಕ್ಕ ಸರಿಹೋಗುತ್ತದೆ.

ಯಾವುದೇ ಎಂಜಿನ್ ಆಯಿಲ್ ಎಂದರೆ ಮೂಲ ಎಣ್ಣೆ ಮತ್ತು ಅದಕ್ಕೆ ಬೆರೆಸಿದ ರಾಸಾಯನಿಕಗಳು. ರೇಸಿಂಗ್ ಆಯಿಲ್‌ನ ಮೂಲ ಎಣ್ಣೆ ಸಾಮಾನ್ಯವಾಗಿ ಪಿಎಒ ಅಥವಾ ಎಸ್ಟರ್ ಜಾತಿಯ ಉತ್ತಮ ಸಿಂಥೆಟಿಕ್, ಅಂದರೆ ರಾಸಾಯನಿಕವಾಗಿ ತಯಾರಿಸಿದ ಎಣ್ಣೆ, ಆಗಿರುತ್ತದೆ. ಎಸ್ಟರ್‌ನ ಅಣುಗಳು ಲೋಹದ ಮೈಗೆ ತಾವಾಗಿಯೇ ಅಂಟಿಕೊಳ್ಳುವುದರಿಂದ ವಿಪರೀತ ಬಿಸಿಯಲ್ಲೂ ಎಣ್ಣೆಯ ಪದರ ಸುಲಭವಾಗಿ ಕಿತ್ತುಹೋಗುವುದಿಲ್ಲ. ಇದರ ಜೊತೆಗೆ ಸವೆತ ತಡೆಯುವ ಸತು ಮತ್ತು ರಂಜಕದ ಸಂಯುಕ್ತವನ್ನು ಧಾರಾಳವಾಗಿ ಬೆರೆಸಿರುತ್ತಾರೆ. ಆದರೆ ಮಸಿಯನ್ನು ತೊಳೆದು ಆಮ್ಲವನ್ನು ಮುರಿಯುವ ಡಿಟರ್ಜೆಂಟ್, ತೊಳೆದ ಕೊಳೆ ಗಸಿಯಾಗಿ ತಳ ಸೇರದಂತೆ ತೇಲಿಸಿಡುವ ಡಿಸ್ಪರ್ಸೆಂಟ್, ತುಕ್ಕು ತಡೆಯುವ ರಾಸಾಯನಿಕ, ಇವೆಲ್ಲ ರೇಸಿಂಗ್ ಆಯಿಲ್‌ನಲ್ಲಿ ಕಡಿಮೆ. ಇದಕ್ಕೆ ಬಲವಾದ ಕಾರಣವಿದೆ. ಡಿಟರ್ಜೆಂಟ್‌ನ ಅಣುಗಳೂ ಸತುವಿನ ಸಂಯುಕ್ತದ ಅಣುಗಳೂ ಲೋಹದ ಮೇಲೆ ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ; ಸವೆತ ತಡೆಯುವುದೇ ಮುಖ್ಯ ಎಂದಾದಾಗ ಡಿಟರ್ಜೆಂಟನ್ನು ತಗ್ಗಿಸುವುದು ಸರಿಯಾದ ಕ್ರಮ. ರೇಸ್ ಮುಗಿದ ಮೇಲೆ ಆ ಆಯಿಲನ್ನು ಹೇಗೂ ಇಳಿಸಿಬಿಡುತ್ತಾರೆ, ಎಂಜಿನ್ ಕೂಡ ಆಗಾಗ್ಗೆ ಬಿಚ್ಚಿ ಕಟ್ಟುವಂಥದ್ದು. ತಿಂಗಳುಗಟ್ಟಲೆ ಕೊಳೆ ಹೊತ್ತು ಓಡಾಡುವ ಕೆಲಸವನ್ನು ಆ ಆಯಿಲ್‌ಗೆ ಯಾರೂ ವಹಿಸಿಲ್ಲ.

ಈಗ ನಮ್ಮ ಊರಿನ ಓಡಾಟವನ್ನು ನೋಡೋಣ. ಮೈಸೂರಿನಲ್ಲಿ ಬಹುತೇಕ ಎಲ್ಲವೂ ಹತ್ತಿರ. ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ, ಕುವೆಂಪುನಗರದಿಂದ ಮಗುವಿನ ಶಾಲೆಗೆ, ಅಲ್ಲಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ, ಹೀಗೆ ಸಣ್ಣ ಸಣ್ಣ ಸವಾರಿಗಳಲ್ಲೇ ಗಾಡಿಯ ದಿನ ಕಳೆಯುತ್ತದೆ. ಇದನ್ನು ನಾವು ಎಂಜಿನ್‌ಗೆ ಸುಖ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಆಯಿಲ್‌ಗೆ ಇದಕ್ಕಿಂತ ಕಷ್ಟದ ಬದುಕು ಕಡಿಮೆ. ಕಾರಿನ ಕೂಲೆಂಟ್ ಬೇಗ ಬಿಸಿಯಾಗಿ ಮೀಟರಿನ ಮುಳ್ಳು ನಡುವಿಗೆ ಬಂದು ನಿಂತರೂ ಎಂಜಿನ್ ತಳದ ಸಂಪಿನಲ್ಲಿರುವ ಆಯಿಲ್ ಪೂರ್ತಿ ಬಿಸಿಯಾಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ನಾವು ಗಾಡಿ ನಿಲ್ಲಿಸಿರುತ್ತೇವೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ, ಉರಿಯದೆ ಉಳಿದ ಒಂದಿಷ್ಟು ಪೆಟ್ರೋಲ್, ಇವು ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ತಣ್ಣಗಿರುವ ಆಯಿಲ್‌ನೊಳಗೆ ಸೇರುತ್ತವೆ. ಆಯಿಲ್ ಚೆನ್ನಾಗಿ ಕಾಯದೆ ಅವು ಮರಳಿ ಆವಿಯಾಗಿ ಹೋಗುವುದಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಬರೀ ಅಂಗಡಿ-ಮನೆ ಓಡಾಟದ ಕಾರಿನ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು ಒಳಮೈ ನೋಡಿ. ಹಳದಿ ಛಾಯೆಯ ಬಿಳಿ ಕೆನೆ ಅಲ್ಲಿ ಅಂಟಿಕೊಂಡಿದ್ದರೆ, ಬೆರಳಲ್ಲಿ ಒರೆಸಿದರೆ ನುಣ್ಣಗೆ ಜಾರಿದರೆ, ಅದು ನೀರು ಮತ್ತು ಆಯಿಲ್ ಕಡೆದುಕೊಂಡು ಆದದ್ದು. ಹೆಚ್ಚಿನ ಸಲ ಅದು ಒಂದು ದೀರ್ಘ ಪ್ರಯಾಣದ ನಂತರ ಮಾಯವಾಗುತ್ತದೆ. ಆಗಲೂ ಮಾಯವಾಗದೆ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಕೂಲೆಂಟ್ ಆಯಿಲ್‌ಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ನೋಡಿಸಬೇಕು.

ಇದಕ್ಕೆ ಈಗಿನ ಪೆಟ್ರೋಲ್‌ನಲ್ಲಿರುವ ಶೇ. 20ರಷ್ಟು ಎಥೆನಾಲನ್ನೂ ಸೇರಿಸಿ ಯೋಚಿಸಬೇಕು. ಮಂಡ್ಯದ ಕಬ್ಬಿನ ಸೀಮೆಗೆ ಎಥೆನಾಲ್‌ನಿಂದ ಒಳ್ಳೆಯ ಬೆಲೆ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಆದರೆ ಅದು ನೀರನ್ನು ಹೀರುವ ಗುಣದ್ದು, ಅರೆಬಿಸಿ ಎಂಜಿನ್‌ನಲ್ಲಿ ಆಯಿಲ್ ಸೇರಿದರೆ ತುಕ್ಕು ಮತ್ತು ಆಮ್ಲದ ಕೆಲಸಕ್ಕೆ ನೆರವಾಗುತ್ತದೆ. ಅಂದರೆ ರೇಸಿಂಗ್ ಆಯಿಲ್‌ನಲ್ಲಿ ಯಾವುದನ್ನು ಕಡಿಮೆ ಮಾಡಿದ್ದಾರೋ ಅದೇ ನಮ್ಮ ಗಾಡಿಗೆ ಅತ್ಯಗತ್ಯವಾದದ್ದು.

ಸತು ಮತ್ತು ರಂಜಕದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ರೇಸಿಂಗ್ ಆಯಿಲ್ ಪರವಾಗಿ ಮಾತನಾಡುವವರೆಲ್ಲ ಮೊದಲು ಎತ್ತುವುದು ಇದನ್ನೇ. ಸತುವಿನ ಸಂಯುಕ್ತ ಬಿಸಿ ಮತ್ತು ಒತ್ತಡ ಇರುವ ಕಡೆ, ಅಂದರೆ ವಾಲ್ವ್‌ಗಳನ್ನು ಒತ್ತುವ ಕ್ಯಾಮ್‌ನ ಮೂತಿಯಂಥ ಜಾಗದಲ್ಲಿ, ಲೋಹದ ಬದಲು ತಾನೇ ಸವೆಯುವ ಒಂದು ತೆಳು ಪದರವನ್ನು ಕಟ್ಟುತ್ತದೆ ಎಂಬುದು ನಿಜ. ಆದರೆ ರಂಜಕ ಸ್ವಲ್ಪ ಸ್ವಲ್ಪವಾಗಿ ಉರಿದು ಹೊಗೆಯೊಂದಿಗೆ ಹೋಗಿ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಆದ್ದರಿಂದಲೇ ಆಯಿಲ್‌ಗಳ ದರ್ಜೆ ಗೊತ್ತುಮಾಡುವ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಪಿ ದರ್ಜೆಯ 5ಡಬ್ಲ್ಯು-30ರಂತಹ ತೆಳು ಆಯಿಲ್‌ಗಳಲ್ಲಿ ರಂಜಕ 600ರಿಂದ 800 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಒಳಗಿರಬೇಕೆಂಬ ನಿಯಮವಿದೆ. ಬೈಕುಗಳಿಗೆ ಜಪಾನಿನ ಜಾಸೊ ಮಾನದಂಡ 800ರಿಂದ 1200 ಪಿಪಿಎಂವರೆಗೆ ಬಿಡುತ್ತದೆ. ಹೀಗಾಗಿ ಒಳ್ಳೆಯ ಬೈಕ್ ಆಯಿಲ್‌ನಲ್ಲಿ ಸತುವಿನ ಕೊರತೆ ಇದೆ ಎಂಬ ಭಯಕ್ಕೆ ಆಧಾರವೇ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಕನ್ವರ್ಟರ್, ಆಮ್ಲಜನಕ ಸೆನ್ಸರ್ ಇವೆಲ್ಲ ನಮ್ಮ ಬಹುತೇಕ ಬೈಕುಗಳಿಗೂ ಅಂಟಿಕೊಂಡಿವೆ. ಅವನ್ನು ಬದಲಿಸುವ ಖರ್ಚಿನ ಮುಂದೆ ಆಯಿಲ್‌ನ ಖರ್ಚು ಏನೂ ಅಲ್ಲ.

ಟರ್ಬೊ ಕಾರಿನವರು ಇನ್ನೂ ಒಂದು ಎಚ್ಚರ ವಹಿಸಬೇಕು. ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಬರುವುದಕ್ಕೆ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲ ತೊಂದರೆಯೊಂದಿದೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಅದಕ್ಕೆ ಆಸ್ಪದ ಹೆಚ್ಚು. ಹಾಗಾಗಿ ಡಿಟರ್ಜೆಂಟ್ ಎಷ್ಟಿದೆ ಎಂಬುದಷ್ಟೇ ಅಲ್ಲ, ಯಾವ ಬಗೆಯದು ಎಂಬುದೂ ಇಲ್ಲಿ ಮುಖ್ಯ. 2020ರ ಮೇ ತಿಂಗಳಲ್ಲಿ ಜಾರಿಗೆ ಬಂದ ಎಸ್‌ಪಿ ದರ್ಜೆಯಲ್ಲಿ ಈ ತೊಂದರೆಗೆ ಪ್ರತ್ಯೇಕ ಪರೀಕ್ಷೆ ಇಟ್ಟಿದ್ದಾರೆ. ಆ ಪರೀಕ್ಷೆ ದಾಟದ ಆಯಿಲ್‌ನ ಡಬ್ಬಿಯ ಮೇಲೆ ಎಷ್ಟೇ ಚೆಕರ್ಡ್ ಬಾವುಟದ ಚಿತ್ರವಿರಲಿ, ನಾನು ಅದನ್ನು ಅಂಥ ಕಾರಿಗೆ ಹಾಕಿಸುವುದಿಲ್ಲ.

ಬೈಕಿನ ಕ್ಲಚ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ ಆಯಿಲ್‌ನಲ್ಲಿ ಕ್ಲಚ್ ಪ್ಲೇಟುಗಳೂ ಮುಳುಗಿರುವುದರಿಂದ, ಘರ್ಷಣೆ ತಗ್ಗಿಸುವ ರಾಸಾಯನಿಕವುಳ್ಳ ಕಾರಿನ ರೇಸಿಂಗ್ ಆಯಿಲ್ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬಿಯ ಹಿಂಬದಿಯಲ್ಲಿ ಜಾಸೊ ಎಂಎ ಅಥವಾ ಎಂಎ2 ಎಂಬ ಮುದ್ರೆ ಇರಬೇಕು, ಎಂಬಿ ಎಂದಿದ್ದರೆ ಘರ್ಷಣೆ ಕಡಿಮೆ, ಗೇರ್ ಬೈಕಿಗೆ ಬೇಡ.

10ಡಬ್ಲ್ಯು-50ರಂತಹ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂಬುದನ್ನು ಹೇಳುತ್ತದೆ. ದಪ್ಪದ ವಿಷಯದಲ್ಲಿ ನಮ್ಮ ಹುಡುಗರು ಮೊದಲ ಅಂಕಿಯ ಬಗ್ಗೆ ಅನಗತ್ಯವಾಗಿ ತಲೆಕೆಡಿಸಿಕೊಳ್ಳುತ್ತಾರೆ. 10ಡಬ್ಲ್ಯು ಎಂಬುದನ್ನು ಪರೀಕ್ಷಿಸುವುದು ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಮೈಸೂರಿನ ಧನುರ್ಮಾಸದ ಬೆಳಗಿನ ಚಳಿ 15 ಡಿಗ್ರಿಯ ಆಸುಪಾಸು. ನಮಗೆ ಮುಖ್ಯವಾದದ್ದು ಎರಡನೆಯ ಅಂಕಿ. ನೂರು ಡಿಗ್ರಿಯಲ್ಲಿ 40ರ ಆಯಿಲ್‌ನ ಸ್ನಿಗ್ಧತೆ, ಅಂದರೆ ದಪ್ಪದ ಅಳತೆ, 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ, 50ರದ್ದು 16.3ರಿಂದ 21.9ರ ಒಳಗೆ ಇರಬೇಕು. ಇಂಟರ್‌ಸೆಪ್ಟರ್‌ಗೆ ಕಂಪನಿ 10ಡಬ್ಲ್ಯು-50 ಹೇಳಿದೆ ಎಂದರೆ ಗಾಳಿ ಮತ್ತು ಆಯಿಲ್‌ನಿಂದಲೇ ತಂಪಾಗುವ ಆ ಎಂಜಿನ್ ಎಷ್ಟು ಕಾಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಿದೆ. ಅದನ್ನು 60ಕ್ಕೆ ಏರಿಸಿದರೆ ಸಣ್ಣ ಸವಾರಿಗಳಲ್ಲಿ ಆಯಿಲ್ ಕಾಯುವುದಕ್ಕೆ ಮೊದಲೇ ಪಂಪಿನ ಶ್ರಮ ಹೆಚ್ಚುತ್ತದೆ, ಲಾಭ ಏನೂ ಇಲ್ಲ.

ರೇಸಿನ ಆಯಿಲ್ ಬೇರೆ, ದಿನಬಳಕೆಯ ಆಯಿಲ್ ಬೇರೆ ಎಂಬುದು ಹೊಸ ಮಾತಲ್ಲ. 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಎಂಬ ಟೂ ಸ್ಟ್ರೋಕ್ ಬೈಕುಗಳನ್ನು ತಯಾರಿಸಿದ ಊರು ನಮ್ಮದು. ಟೂ ಸ್ಟ್ರೋಕ್ ರೇಸ್ ಬೈಕುಗಳ ಪೆಟ್ರೋಲಿಗೆ ಒಂದು ಕಾಲದಲ್ಲಿ ಹರಳೆಣ್ಣೆಯಿಂದ ಮಾಡಿದ ಆಯಿಲ್ ಬೆರೆಸುತ್ತಿದ್ದರು. ಬಿಸಿಯಲ್ಲಿ ಅದರ ಪದರದಷ್ಟು ಗಟ್ಟಿ ಬೇರೆ ಯಾವುದೂ ಇರಲಿಲ್ಲ, ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದೂ ಇಲ್ಲ. ಆದರೆ ಅದು ಪಿಸ್ಟನ್ ರಿಂಗ್ ಕೂರುವ ಸಂದುಗಳಲ್ಲಿ ಅಂಟಾಗಿ ಕೂರುತ್ತಿತ್ತು. ರೇಸಿನವರು ಬಿಚ್ಚಿ ತೊಳೆಯುತ್ತಿದ್ದರು; ಹಾಲು ಹಾಕಲು ಹೋಗುವ ಗಾಡಿಗೆ ಅದು ಸಲ್ಲುತ್ತಿರಲಿಲ್ಲ.

ಹಾಗಾದರೆ ರೇಸಿಂಗ್ ಆಯಿಲ್ ಯಾರಿಗೆ? ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಟ್ರೇಲರ್ ಮೇಲೆ ಹೋಗಿಬರುವ, ರಸ್ತೆಗಿಳಿಯದ, ಕನ್ವರ್ಟರ್ ಇಲ್ಲದ ಗಾಡಿಗೆ. ಆ ಎಂಜಿನ್ ಲ್ಯಾಪ್ ಮೇಲೆ ಲ್ಯಾಪ್ ತನ್ನ ವೇಗದ ಗರಿಷ್ಠ ಮಿತಿಯಾದ ರೆಡ್‌ಲೈನಿನ ಹತ್ತಿರವೇ ಇರುತ್ತದೆ, ಆಯಿಲ್ 120 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿಯೊಳಗೆ ಒಂದೇ ಸಮನೆ ಓಡುವ ಕಾರು ಅದರ ಹತ್ತಿರಕ್ಕೂ ಬರುವುದಿಲ್ಲ. ವಾರವೆಲ್ಲ ಆಫೀಸಿಗೆ ಓಡಾಡಿ ವರ್ಷಕ್ಕೆ ಒಂದೆರಡು ಬಾರಿ ಟ್ರ್ಯಾಕಿಗಿಳಿಯುವವರು ಇದ್ದಾರಲ್ಲ, ನನ್ನ ಅಕ್ಕನ ಮಗನೂ ಅವರಲ್ಲೊಬ್ಬ, ಅವರು ಕಂಪನಿ ಹೇಳಿದ ದಪ್ಪದ, ಎಪಿಐ ಮತ್ತು ಜಾಸೊ ಮುದ್ರೆಗಳೆರಡೂ ಇರುವ ಪೂರ್ಣ ಸಿಂಥೆಟಿಕ್ ರಸ್ತೆ ಆಯಿಲನ್ನೇ ಬಳಸಲಿ. ಟ್ರ್ಯಾಕಿಗೆ ಹೋಗುವ ಮುನ್ನ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಿಕೊಳ್ಳಬೇಕು. ಪ್ರತಿ ಸುತ್ತಿನ ಓಟ ಮುಗಿದ ಮೇಲೆ ಮತ್ತೆ ನೋಡಬೇಕು, ಏಕೆಂದರೆ ಎತ್ತರದ ಆರ್‌ಪಿಎಂನಲ್ಲಿ ಎಂಜಿನ್ ಆಯಿಲ್ ಕುಡಿಯುತ್ತದೆ. ಊರಿಗೆ ಮರಳಿದ ಮೇಲೆ ಸರ್ವಿಸಿನ ಕಿಲೋಮೀಟರ್ ಬಾಕಿ ಇದೆಯೆಂದು ಕಾಯದೆ, ಎಂಜಿನ್ ಬಿಸಿಯಿರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ ಆ ಆಯಿಲನ್ನು ಇಳಿಸಿಬಿಡಬೇಕು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಅಂಟಿದ್ದನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ ನೋಡಲಿ: ನುಣುಪಾದ ಬೂದು ಪುಡಿಯಿದ್ದರೆ ಸಹಜ ಸವೆತ, ಉಗುರಿಗೆ ಸಿಗುವಂತಹ ಚೂರುಗಳಿದ್ದರೆ ಹೊಸ ಆಯಿಲ್ ತುಂಬುವ ಮೊದಲು ಮೆಕ್ಯಾನಿಕ್‌ಗೆ ತೋರಿಸಬೇಕು.