ಏನು ಹೊತ್ತ ಗಾಡಿ ಇದು?

ನಮ್ಮೂರು ಶ್ರೀನಿವಾಸಪುರ ತಾಲ್ಲೂಕು. ಮನೆಯಲ್ಲಿ ಮಾವಿನ ತೋಪು ಸ್ವಲ್ಪ, ಟೊಮ್ಯಾಟೊ ಜಾಸ್ತಿ. ಕೊಯ್ದ ಟೊಮ್ಯಾಟೊ ಕೋಲಾರದ ಎಪಿಎಂಸಿಗೆ ಹೋಗಬೇಕು. ಅಲ್ಲಿ ಎಲ್ಲವೂ ಹದಿನೈದು ಕೆಜಿ ಬಾಕ್ಸಿನ ಲೆಕ್ಕ. ಗಾಡಿ ಬಾಡಿಗೆಯೂ ಬಾಕ್ಸಿಗೆ ಇಷ್ಟು ಅಂತಲೇ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಬಾಡಿಗೆ ಯಾರ ಕಣ್ಣಿಗೂ ಬೀಳಲಿಲ್ಲ. ರೇಟು ಬಿದ್ದ ವರ್ಷ ಕೊಯ್ಲಿನ ಕೂಲಿ, ಬಾಡಿಗೆ, ಮಂಡಿ ಖರ್ಚು ಕಳೆದರೆ ಕೈಗೆ ಬರೋದು ಬರೀ ಚೀಟಿ. ಅದಕ್ಕಿಂತ ದೊಡ್ಡ ತಲೆನೋವು ಬಾಡಿಗೆ ಗಾಡಿಯವರ ಟೈಮು. ಮೊದಲು ದೊಡ್ಡ ತೋಟದವರ ಮಾಲು ತುಂಬಿಕೊಂಡು ಆಮೇಲೆ ನಮ್ಮ ಕಡೆ ಬರುತ್ತಾರೆ. ಹರಾಜು ಅರ್ಧ ಮುಗಿದ ಮೇಲೆ ಇಳಿದ ಮಾಲನ್ನು ಕೇಳುವವರು ಯಾರು?

ನಮ್ಮದೇ ಒಂದು ಪಿಕಪ್ ಇರಲಿ ಅಂತ ತಮ್ಮ ಹಠ ಹಿಡಿದ. ಹೊಸದು ರೋಡಿಗಿಳಿಯುವ ಹೊತ್ತಿಗೆ ಹತ್ತು ಲಕ್ಷದ ಹತ್ತಿರ ಆಗುತ್ತೆ. ಮನೆಯ ಲೆಕ್ಕ ನನ್ನದು. ಎಲ್ಲಾ ಸೇರಿ ಐದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂದೆ. ಅಲ್ಲಿಗೆ ಸೆಕೆಂಡ್ ಹ್ಯಾಂಡ್ ಅಂತ ತೀರ್ಮಾನವಾಯಿತು.

ಯಾವ ಗಾಡಿ ಅನ್ನೋದು ಬೇಗ ಇತ್ಯರ್ಥವಾಯಿತು. 2005ರಲ್ಲಿ ಬಂದ ಟಾಟಾ ಏಸ್ ಸೊಪ್ಪಿಗೆ, ಹೂವಿಗೆ ಸರಿ. ಎರಡು ಸಿಲಿಂಡರಿನ, ಮುಕ್ಕಾಲು ಟನ್ನಿನ ಗಾಡಿ. ತಮ್ಮನಿಗೆ ಅಶೋಕ್ ಲೇಲ್ಯಾಂಡಿನ ದೋಸ್ತ್ ಮೇಲೆ ಆಸೆ, ಓಡಿಸೋಕೆ ಹಗುರ ಅಂತ. ನಮ್ಮ ಗ್ಯಾರೇಜಿನ ಮೇಸ್ತ್ರಿ ಮಾತ್ರ ಬೊಲೆರೋ ಪಿಕಪ್ ಅಂದರು. ಎರಡೂವರೆ ಲೀಟರ್ ಇಂಜಿನ್, ಕೆಸರಿನ ದಾರಿಯಲ್ಲೂ ಎಳೆಯುತ್ತೆ, ಸಾಮಾನು ನಮ್ಮೂರ ಅಂಗಡಿಯಲ್ಲೇ ಸಿಗುತ್ತೆ. ಅದರಲ್ಲೂ 2020ರ ಏಪ್ರಿಲ್‌ಗಿಂತ ಮುಂಚಿನ ಬಿಎಸ್ 4 ಗಾಡಿಯೇ ಆಗಲಿ ಅಂದರು. ಬಿಎಸ್ ಅಂದರೆ ಗಾಡಿ ಹೊಗೆಗೆ ಸರ್ಕಾರ ಇಟ್ಟ ಮಾನದಂಡ. ಬಿಎಸ್ 6 ಬಂದ ಮೇಲೆ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರು, ಸೆನ್ಸರುಗಳು ಜಾಸ್ತಿ. ಗಾಳಿಗೆ ಒಳ್ಳೇದು ನಿಜ. ಆದರೆ ಹಳೇ ಗಾಡಿ ಕೊಳ್ಳುವವರು ಅದರ ರಿಪೇರಿಗೂ ಬೇರೆ ದುಡ್ಡು ಇಟ್ಟುಕೊಳ್ಳಬೇಕು.

ಮೇಸ್ತ್ರಿಯವರ ಬಗ್ಗೆ ಒಂದು ಮಾತು. ಗಾಡಿ ನೋಡೋಕೆ ಬಂದರೆ ಇಷ್ಟು ಅಂತ ನಮ್ಮ ಹತ್ತಿರವೇ ದುಡ್ಡು ತಗೊಳ್ಳುತ್ತಿದ್ದರು. ತಮ್ಮನಿಗೆ ಅದು ಕಿರಿಕಿರಿ, ನನಗೆ ನೆಮ್ಮದಿ. ಫ್ರೀಯಾಗಿ ಬರೋ ಮೇಸ್ತ್ರಿ ಬ್ರೋಕರ್ ಹತ್ತಿರ ಕಮಿಷನ್ ತಗೊಳ್ಳುತ್ತಾನೆ, ಅದು ಎಲ್ಲರಿಗೂ ಗೊತ್ತಿರೋದೇ.

ಹಳೇ ಗಾಡಿಗಳ ಯಾರ್ಡಿಗೆ ಹೆಂಗಸು ಹೋದರೆ ಏನಾಗುತ್ತೆ ಅಂದರೆ, ಏನೂ ಆಗಲ್ಲ. ಯಾರೂ ಮಾತಾಡಿಸಲ್ಲ. ಬ್ರೋಕರ್ ತಮ್ಮನಿಗೆ ಬಾನೆಟ್ ಎತ್ತಿ ತೋರಿಸುತ್ತಾನೆ, ಮೇಸ್ತ್ರಿಗೆ ಟೀ ತರಿಸುತ್ತಾನೆ, ನನಗೊಂದು ಕುರ್ಚಿ ಹಾಕಿಸುತ್ತಾನೆ. ಕುರ್ಚಿಯಲ್ಲಿ ಕೂತವಳಿಗೆ ಪಕ್ಕದಲ್ಲಿ ನಿಂತ ಡ್ರೈವರ್ ಸಿಗುತ್ತಾನೆ, ಗಾಡಿ ತೊಳೆಯೋ ಹುಡುಗ ಸಿಗುತ್ತಾನೆ. ನಾನು ಅವರನ್ನು ಕೇಳುತ್ತಿದ್ದದ್ದು ಒಂದೇ. ಇದರಲ್ಲಿ ಏನಪ್ಪಾ ಸಾಗಿಸ್ತಿದ್ರಿ?

ಮೀಟರಿನಲ್ಲಿರೋ ಕಿಲೋಮೀಟರನ್ನು ನಂಬೋ ಹಾಗಿಲ್ಲ, ಅದನ್ನು ತಿರುಗಿಸೋರು ಎಲ್ಲಾ ಊರಲ್ಲೂ ಇದ್ದಾರೆ. ಎಂಬತ್ತು ಸಾವಿರ ಅಂತ ತೋರಿಸೋ ಗಾಡಿಯ ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ಆ ಎಂಬತ್ತನ್ನು ಅಲ್ಲೇ ಬಿಡಬೇಕು. ಅದೂ ಅಲ್ಲದೆ, ಪಿಕಪ್ ಮುದಿಯಾಗೋದು ಓಡಿ ಅಲ್ಲ, ಹೊತ್ತು. ಎರಡು ಲಕ್ಷ ಕಿಲೋಮೀಟರ್ ಬ್ರೆಡ್ಡು ಸಾಗಿಸಿದ ಗಾಡಿಗಿಂತ ಐವತ್ತು ಸಾವಿರ ಕಿಲೋಮೀಟರ್ ಜಲ್ಲಿ ಹೊತ್ತ ಗಾಡಿಯೇ ಜಾಸ್ತಿ ಸೋತಿರುತ್ತೆ. ಇದು ನನ್ನ ವಾದ. ಶುರುವಿನಲ್ಲಿ ಮೇಸ್ತ್ರಿ ನಕ್ಕರು. ಆಮೇಲೆ ಅವರೇ ಮೊದಲು ಚಾಸಿ, ಅಂದರೆ ಗಾಡಿಯ ತಳದ ಚೌಕಟ್ಟಿನ ಕೆಳಗೆ ನುಗ್ಗಿ, ಬಾನೆಟ್ ಕೊನೆಗೆ ಎತ್ತೋಕೆ ಶುರುಮಾಡಿದರು.

ಹೊರೆಯ ಲೆಕ್ಕ ಆರ್‌ಸಿಯಲ್ಲೇ ಇರುತ್ತೆ. ಖಾಲಿ ಗಾಡಿಯ ತೂಕ ಒಂದು, ಲೋಡ್ ಸೇರಿದ ಒಟ್ಟು ತೂಕ ಇನ್ನೊಂದು. ದೊಡ್ಡದರಲ್ಲಿ ಚಿಕ್ಕದು ಕಳೆದರೆ ಎಷ್ಟು ಹೊರಬಹುದು ಅನ್ನೋದು ಸಿಗುತ್ತೆ, ಡ್ರೈವರ್ ಜೊತೆಗಿರೋರ ತೂಕವೂ ಅದರಲ್ಲೇ ಬಂತು. ಒಂದೂವರೆ ಟನ್ ಅಂತಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕ್ರೇಟಿನ ತೂಕ ಸೇರಿದರೆ ಹದಿನೈದು ಕೆಜಿ ಬಾಕ್ಸು ಹದಿನೇಳರ ಹತ್ತಿರ ಬರುತ್ತೆ. ಅಂದರೆ ತೊಂಬತ್ತು ಬಾಕ್ಸೂ ಆಗಲ್ಲ. ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ಗೇಟಿನ ಹತ್ತಿರ ನಿಂತು ನೋಡಿ, ತೊಂಬತ್ತು ಬಾಕ್ಸು ತುಂಬಿದ ಪಿಕಪ್ ಕಂಡರೆ ನನಗೂ ಹೇಳಿ. ನೂರೈವತ್ತಕ್ಕೆ ಕಮ್ಮಿ ತುಂಬಿದರೆ ಡೀಸೆಲ್ ಕಾಸೂ ಹುಟ್ಟಲ್ಲ ಅಂತಾರೆ. ಅದಕ್ಕೇ ನಮ್ಮ ಕಡೆ ಟೊಮ್ಯಾಟೊ ಹೊತ್ತ ಗಾಡಿಯೇ ಬೇಡ ಅಂತ ನಾನು ಮೊದಲೇ ಹೇಳಿಬಿಟ್ಟಿದ್ದೆ.

ಮೊದಲು ನೋಡಿದ್ದು ಮಿರಿಮಿರಿ ಮಿಂಚುತ್ತಿದ್ದ ಒಂದು ಗಾಡಿ. ಕ್ಯಾಬಿನ್‌ಗೆ ಹೊಸ ಬಿಳಿ ಬಣ್ಣ, ಹೊಸ ಸೀಟ್ ಕವರ್. ಕೆಳಗೆ ಚಾಸಿಗೂ ಹೊಸ ಕಪ್ಪು ಬಣ್ಣ. ಚಾಸಿಗೆ ಯಾರೂ ಸುಮ್ನೆ ಬಣ್ಣ ಹೊಡೆಸಲ್ಲ. ಮೇಸ್ತ್ರಿ ಅಂಗಾತ ಮಲಗಿ ಕ್ಯಾಬಿನ್ ಹಿಂದೆ ಕೈಯಾಡಿಸಿದರು. ಬಣ್ಣದಡಿ ವೆಲ್ಡಿಂಗ್ ಗಂಟು ಸಿಕ್ಕಿತು. ಚಾಸಿ ಬಿರುಕು ಬಿಟ್ಟ ಕಡೆ ಪಟ್ಟಿ ಇಟ್ಟು ಬೆಸೆದಿದ್ದರು. ಹೊರೆ ತಡೆಯೋ ಹಿಂದಿನ ಕಮಾನ್ ಕಟ್ಟಿಗೆ (ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು) ಕಂಪನಿ ಕೊಟ್ಟ ಪ್ಲೇಟುಗಳ ಜೊತೆ ಇನ್ನೆರಡು ಸೇರಿಸಿದ್ದರು, ಆದರೂ ಖಾಲಿ ನಿಂತ ಗಾಡಿಯಲ್ಲೇ ಕಮಾನು ನೆಟ್ಟಗಾಗಿತ್ತು. ಜಲ್ಲಿ ಕ್ರಷರ್ ಗಾಡಿ ಅಕ್ಕಾ, ಅಂದ ತೊಳೆಯೋ ಹುಡುಗ, ಮೆಲ್ಲಗೆ.

ಇನ್ನೊಂದು ಕರಾವಳಿಯ ನಂಬರಿನದು. ರೇಟು ನೋಡಿ ತಮ್ಮ ಕುಣಿದಾಡಿಬಿಟ್ಟ. ಇಂಜಿನ್ ನಿಜಕ್ಕೂ ಚೆನ್ನಾಗಿತ್ತು. ಬಾಗಿಲು ತೆಗೆದ ತಕ್ಷಣ ಮೂಗಿಗೆ ಹೊಡೆಯಿತು, ಡ್ರೈವರನ್ನು ಕೇಳೋ ಅಗತ್ಯವೇ ಬೀಳಲಿಲ್ಲ. ಮೀನಿನ ಗಾಡಿ. ಐಸು ಕರಗಿದ ಉಪ್ಪುನೀರು ಹಲಗೆ ಸಂದಿಯಿಂದ ಇಳಿದು ಇಳಿದು ಚಾಸಿಯ ಅಡ್ಡಪಟ್ಟಿಗಳನ್ನು ತಿಂದಿತ್ತು. ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ತುಕ್ಕು ಪದರಪದರವಾಗಿ ಉದುರಿತು. ಕೋಳಿ ಗಾಡಿಗಳದೂ ಇದೇ ಕಥೆಯಂತೆ, ಹಿಕ್ಕೆ ಬಿದ್ದ ಕಡೆ ಕಬ್ಬಿಣ ಉಳಿಯಲ್ಲ.

ದೆಹಲಿ ನಂಬರಿನ ಗಾಡಿಗಳೂ ಬರುತ್ತವೆ. ಅಲ್ಲಿ ಹಳೇ ಡೀಸೆಲ್ ಗಾಡಿಗಳ ಮೇಲೆ ಕಟ್ಟುನಿಟ್ಟು ಬಂದ ಮೇಲೆ ಅಗ್ಗಕ್ಕೆ ಹೊರಗೆ ಹೋಗುತ್ತವೆ. ಎನ್‌ಒಸಿ, ಇಲ್ಲಿ ಹೊಸದಾಗಿ ನಂಬರು, ಟ್ಯಾಕ್ಸು, ಇದನ್ನೆಲ್ಲ ಕೂಡಿದರೆ ಅಗ್ಗ ಅನ್ನೋದು ಎಲ್ಲಿ ಉಳಿಯುತ್ತೆ? ನೋಡೋಕೂ ಹೋಗಲಿಲ್ಲ.

ಕೊನೆಗೆ ಒಪ್ಪಿಗೆಯಾದ ಗಾಡಿ ಸಿಕ್ಕಿದ್ದು ಹೊಸಕೋಟೆ ಕಡೆ. 2018ರ ಮಾಡೆಲ್, ಒಬ್ಬರೇ ಓನರ್. ಹಿಂದೆ ತಗಡಿನ ಎತ್ತರದ ಮುಚ್ಚಿದ ಡಬ್ಬಿ. ಇಷ್ಟು ದಿನ ಅದು ಸಾಗಿಸಿದ್ದು ಹಾಸಿಗೆ! ಸ್ಪಂಜಿನ ಹಾಸಿಗೆ, ದಿಂಬು. ಜಾಗ ತುಂಬುತ್ತೆ, ತೂಕ ತುಂಬಲ್ಲ. ನನಗೆ ಅಲ್ಲೇ ಅರ್ಧ ಮನಸ್ಸಾಯಿತು. ತಮ್ಮನ ಮುಖ ಮಾತ್ರ ಸಪ್ಪಗಾಯಿತು, ಈ ಡಬ್ಬಿಯಲ್ಲಿ ಟೊಮ್ಯಾಟೊ ಹಾಕಿದರೆ ಕೋಲಾರ ಸೇರೋಷ್ಟರಲ್ಲಿ ಸಾರು ಮಾಡಬಹುದು ಅಂದ.

ಬರ್ತೀವಿ ಅಂತ ಫೋನ್ ಮಾಡುವಾಗಲೇ ಮೇಸ್ತ್ರಿ ಒಂದು ಷರತ್ತು ಹಾಕಿದ್ದರು, ನಾವು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ನಮಸ್ಕಾರಕ್ಕೂ ಮುಂಚೆ ಬಾನೆಟ್ ಮೇಲೆ ಅಂಗೈ ಇಟ್ಟರು. ಆಮೇಲೆ ಬಗ್ಗಿ ಸೈಲೆನ್ಸರ್ ಮುಟ್ಟಿದರು. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟ ಡೀಸೆಲ್ ಇಂಜಿನ್ ಎಂಥದ್ದಾದರೂ ಒಂದೇ ಕೀಲಿಗೆ ಎದ್ದುಬಿಡುತ್ತೆ, ಅದರ ನಿಜವಾದ ಬಣ್ಣ ತಣ್ಣಗಿದ್ದಾಗಲೇ ಗೊತ್ತಾಗೋದು. ತಮ್ಮ ಕೀ ತಿರುಗಿಸಿದ. ಒಂದು ಕ್ಷಣ ಒದ್ದಾಡಿ ಎದ್ದಿತು. ಹಿಂದೆ ನಿಂತಿದ್ದ ನನಗೆ ಒಂದು ತೆಕ್ಕೆ ಬೆಳ್ಳಗಿನ ಹೊಗೆ ಕಂಡು ಎದೆ ಧಸಕ್ಕೆಂದಿತು. ಅರ್ಧ ನಿಮಿಷದಲ್ಲಿ ಅದು ತೆಳುವಾಗಿ ಮಾಯವಾಯಿತು. ಚಳಿ ಬೆಳಗ್ಗೆಯಲ್ಲಿ ಅಷ್ಟು ಇರುತ್ತೆ, ನಿಲ್ಲದೇ ಬರುತ್ತಿದ್ದರೆ ಭಯಪಡಬೇಕು ಅಂದರು ಮೇಸ್ತ್ರಿ. ನೀಲಿ ಬಂದರೆ ಇಂಜಿನ್ ಆಯಿಲ್ ಕುಡೀತಿದೆ ಅಂತ. ಕಪ್ಪು ಬಂದರೆ ಡೀಸೆಲ್ ಪೂರ್ತಿ ಸುಡ್ತಿಲ್ಲ ಅಂತ, ಅದು ಒಮ್ಮೊಮ್ಮೆ ಬರೀ ಏರ್ ಫಿಲ್ಟರ್ ಬದಲಿಸಿದರೂ ಸರಿಹೋಗುತ್ತೆ.

ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ತಿರುವದೆ ಹಾಗೇ ತೂತಿನ ಮೇಲೆ ಬೋರಲು ಇಟ್ಟರು. ಮುಚ್ಚಳ ಅಲ್ಲೇ ಕೂತು ಸಣ್ಣಗೆ ನಡುಗಿತು, ಹಾರಲಿಲ್ಲ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಒಳಗಿನ ಗಾಳಿ ಮುಚ್ಚಳವನ್ನು ಎತ್ತಿ ಎಸೆಯುತ್ತಂತೆ. ಇಡೀ ಬೆಳಗ್ಗೆಯಲ್ಲಿ ನನಗೆ ಇಷ್ಟವಾದ ಪರೀಕ್ಷೆ ಇದೇ. ದುಡ್ಡಿಲ್ಲ, ಮಷಿನ್ ಇಲ್ಲ, ಒಂದು ಮುಚ್ಚಳ. ಡಿಪ್‌ಸ್ಟಿಕ್ ಎಳೆದು ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕಪ್ಪಗಿತ್ತು, ಡೀಸೆಲ್ ಗಾಡಿಯಲ್ಲಿ ಅದು ಸಹಜ. ಹಾಲು ಬೆರೆಸಿದ ಬಣ್ಣ ಇದ್ದಿದ್ದರೆ ನೀರು ಸೇರಿದೆ ಅಂತ ಅರ್ಥ, ಅಲ್ಲಿಗೆ ವಾಪಸ್ಸು.

ಆಮೇಲೆ ಕೆಳಗೆ. ನಾನೂ ಗೋಣಿಚೀಲ ಹಾಸಿಕೊಂಡು ಬಗ್ಗಿ ನೋಡಿದೆ. ಕಮಾನು ಬಿಲ್ಲಿನ ಹಾಗೆ ಬಾಗಿಯೇ ಇತ್ತು, ಪ್ಲೇಟುಗಳ ಮೇಲೆ ಕಂಪನಿಯ ಹಳೇ ಬಣ್ಣ ಅಲ್ಲಲ್ಲಿ ಉಳಿದಿತ್ತು. ಚಾಸಿಯ ಮೇಲೆ ಧೂಳು, ಒಣಗಿದ ಕೆಸರು, ಹೊಸ ಬಣ್ಣದ ಗುರುತಿಲ್ಲ. ಕೊಳೆಯಾದ ಚಾಸಿ ಕಂಡು ಅಷ್ಟು ಖುಷಿಯಾಗಬಹುದು ಅಂತ ಗೊತ್ತಿರಲಿಲ್ಲ. ಓಡಿಸಿ ನೋಡಿದಾಗ ಅರವತ್ತರ ಮೇಲೆ ಹಿಂದಿನಿಂದ ಸಣ್ಣ ಕೂಗು ಬಂತು. ಹಿಂದಿನ ಆಕ್ಸಲ್ಲಿನ ಗೇರು, ಕ್ರೌನ್ ಪಿನಿಯನ್ ಇರಬಹುದು ಅಂತ ಮೇಸ್ತ್ರಿ ಕಿವಿಗೊಟ್ಟು ಕೂತರು. ಇಳಿದು ನೋಡಿದರೆ ಹಿಂದಿನ ಟೈರುಗಳು ಅಡ್ಡಾದಿಡ್ಡಿ ಸವೆದಿದ್ದವು, ಸದ್ದು ಅವುಗಳದ್ದು. ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕೊನೆಯ ಅಂಕಿಗಳು 18. ಗಾಡಿ ಜೊತೆ ಬಂದ ಟೈರುಗಳು ಇನ್ನೂ ಓಡುತ್ತಿವೆ! ಹಾಸಿಗೆ ಹೊತ್ತದ್ದು ಸುಳ್ಳಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಜೊತೆಗೆ, ಬೆಲೆ ಇಳಿಸೋಕೂ ಒಂದು ನೆಪ ಸಿಕ್ಕಿತು.

ಕಾಗದಪತ್ರದಲ್ಲಿ ಒಂದು ತೊಡಕಿತ್ತು. ಲೋನ್ ಮುಗಿದಿದೆ ಅಂದರು ಓನರ್. ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಕಾಣುತ್ತಿತ್ತು. ದುಡ್ಡು ಕಟ್ಟಿರಬಹುದು, ಆದರೆ ಫಾರಂ 35 ಕೊಟ್ಟು ಆರ್‌ಸಿಯಿಂದ ಹೆಸರು ತೆಗೆಸಿಲ್ಲ. ಅದು ಹೋಗುವವರೆಗೆ ಅಡ್ವಾನ್ಸ್ ಬಿಟ್ಟು ಒಂದು ಪೈಸೆ ಕೊಡಲ್ಲ ಅಂದೆ. ಇಷ್ಟು ಹೊತ್ತು ತಮ್ಮನ ಜೊತೆ ಮಾತಾಡುತ್ತಿದ್ದ ಓನರ್ ಆಗ ನನ್ನ ಕಡೆ ತಿರುಗಿದರು. ಬೆಂಗಳೂರಿನ ಟ್ರಾಫಿಕ್ ದಂಡಗಳೂ ಬಾಕಿ ಇದ್ದವು, ಅದನ್ನೂ ಅವರೇ ಕಟ್ಟಬೇಕು ಅಂತ ಆಯಿತು. ಎಫ್‌ಸಿ, ಅಂದರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಚಾಲ್ತಿಯಲ್ಲಿತ್ತು. ಎಂಟು ವರ್ಷ ತುಂಬಿದ ಮೇಲೆ ವರ್ಷ ವರ್ಷವೂ ಎಫ್‌ಸಿ ಮಾಡಿಸಬೇಕು, ಅದರ ಓಡಾಟ ಇನ್ನು ನಮ್ಮದು. ತಮ್ಮನ ಹತ್ತಿರ ಇರೋದು ಕಾರಿನ ಎಲ್‌ಎಂವಿ ಲೈಸೆನ್ಸ್. ಯೆಲ್ಲೋ ಬೋರ್ಡಿಗೆ ಆಗುತ್ತಾ ಅಂತ ನನಗೆ ಅನುಮಾನವಿತ್ತು. ಒಟ್ಟು ತೂಕ 7,500 ಕೆಜಿ ದಾಟದ ಗಾಡಿಗೆ ಅದೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅಷ್ಟರ ಮಟ್ಟಿಗೆ ಒಂದು ಖರ್ಚು ಉಳಿಯಿತು.

ಉಳಿದದ್ದು ಡಬ್ಬಿಯ ಪ್ರಶ್ನೆ. ಆರ್‌ಸಿಯಲ್ಲಿ ಮುಚ್ಚಿದ ಬಾಡಿ ಅಂತಿದ್ದರೆ ನಮಗಿಷ್ಟ ಬಂದ ಹಾಗೆ ಕತ್ತರಿಸೋ ಹಾಗಿಲ್ಲ. ಆರ್‌ಟಿಒ ಅನುಮತಿ ತಗೊಂಡು, ಬದಲಾಯಿಸಿ, ಆರ್‌ಸಿಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಎಫ್‌ಸಿಯಲ್ಲೂ ತಕರಾರು, ಏನಾದರೂ ಆದರೆ ಇನ್ಶೂರೆನ್ಸಿನಲ್ಲೂ ತಕರಾರು. ಸುಮಾರು ಜನ ಈ ಡಬ್ಬಿಯ ಕಾರಣಕ್ಕೇ ವಾಪಸ್ ಹೋಗಿದ್ದರಂತೆ. ನಮಗೆ ಅನುಕೂಲವಾದದ್ದೂ ಅದೇ. ಐದು ನಲವತ್ತು ಹೇಳಿದವರು ನಾಲ್ಕು ತೊಂಬತ್ತಕ್ಕೆ ಇಳಿದರು. ನಡುವೆ ತಮ್ಮ ಎರಡು ಸಲ "ಆಯ್ತು ಬಿಡಿ" ಅನ್ನೋಕೆ ಬಾಯಿ ತೆರೆದ, ಮೇಸ್ತ್ರಿ ಅವನ ಕಾಲು ತುಳಿದರು.

ಫೈನಾನ್ಸ್ ಹೆಸರು ತೆಗೆಸೋಕೆ ಓನರಿಗೆ ಸುಮಾರು ದಿನ ಹಿಡಿಯಿತು. ಆಮೇಲೆ ಗಾಡಿ ನಮ್ಮ ಹೆಸರಿಗೆ ಮಾಡೋ ಫಾರಂ 29, 30ಕ್ಕೆ ಸಹಿ, ಇನ್ಶೂರೆನ್ಸ್ ಹೆಸರು ಬದಲಾವಣೆ. ಗಾಡಿ ಈಗ ಬಾಡಿ ಕಟ್ಟುವವರ ಶೆಡ್ಡಿನಲ್ಲಿದೆ. ತಗಡು ಬಿಚ್ಚಿ ಕಬ್ಬಿಣದ ಗ್ರಿಲ್ ಕೂರಿಸುತ್ತಿದ್ದಾರೆ. ಎಷ್ಟು ಎತ್ತರ ಅನ್ನೋದರ ಮೇಲೆ ಮನೆಯಲ್ಲಿ ಜಗಳ. ಎತ್ತರ ಇದ್ದಷ್ಟೂ ಬಾಕ್ಸು ಜಾಸ್ತಿ ಹಿಡಿಸುತ್ತೆ ಅಂತ ತಮ್ಮ, ಅದಕ್ಕೇ ಬೇಡ ಅಂತ ನಾನು. ಸದ್ಯಕ್ಕೆ ಐದು ಸಾಲು ಬಾಕ್ಸಿನ ಎತ್ತರಕ್ಕೆ ಒಪ್ಪಿಸಿದ್ದೇನೆ. ಬಾಡಿಯವರಿಗೆ ಮಾತ್ರ ಫೋನ್ ಮಾಡಿ, ಅವನು ಬಂದು ಬೇರೆ ಅಳತೆ ಕೊಟ್ಟರೆ ನನ್ನನ್ನು ಕೇಳಿ ಅಂತ ಹೇಳಿಟ್ಟಿದ್ದೇನೆ.