ಪುಸ್ತಕ ಮುಚ್ಚಿಸಿ ಕಲಿಸಿದ ಸರ್

ಬೀದರಿನ ನಮ್ಮ ಶಾಲೆಯಲ್ಲಿ ಓದಿದವರು ಯಾರೇ ಸಿಕ್ಕರೂ ಸಮಾಜ ವಿಜ್ಞಾನದ ಸರ್ ಮಾತು ಬಂದೇ ಬರುತ್ತದೆ. ಅವರು ಪಾಠ ಹೇಳುತ್ತಿದ್ದುದಕ್ಕಿಂತ ನಮ್ಮಿಂದ ಓದಿಸುತ್ತಿದ್ದ ರೀತಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಈಗ ಆ ತರಗತಿಗಳಲ್ಲಿ ಕೂತಿರುವ ನಿಮಗೆ ಅದನ್ನು ಹೇಳಲೇಬೇಕು ಅನಿಸಿತು.

ಬಹಮನಿ ಸುಲ್ತಾನರ ಪಾಠ. ಸರ್ ಮೊದಲ ಸಾಲಿನಿಂದ ಶುರು ಮಾಡಲಿಲ್ಲ. ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳನ್ನೇ ಮೊದಲು ಓದಿಸಿದರು. ಆಮೇಲೆ ತಲೆಬರಹಗಳು, ಚಿತ್ರಗಳು. "ಏನ್ ಹುಡುಕಬೇಕಂತ ಗೊತ್ತಿಲ್ದೆ ಓದಿದ್ರ ಕಣ್ಣಷ್ಟೇ ಓಡ್ತಾವ" ಅಂದರು. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬಗ್ಗೆ ಇದ್ದ ಭಾಗವನ್ನು ಮನಸ್ಸಿನಲ್ಲೇ ಓದಿ ಮುಗಿಸಿದ ಕೂಡಲೇ, "ಪುಸ್ತಕ ಮುಚ್ರಿ. ಏನೇನ್ ನೆನಪದ, ಬರೀರಿ."

ಗವಾನ್ ನಮ್ಮ ಬೀದರಿನಲ್ಲಿ ಮದರಸಾ ಕಟ್ಟಿಸಿದ್ದು 1472ರಲ್ಲಿ ಅಂತ ಎಲ್ಲರೂ ಬರೆದಿದ್ದೆವು. ದಿನಾ ಕಣ್ಣಿಗೆ ಬೀಳುವ ಕಟ್ಟಡ, ಅಲ್ವಾ! 1481ರಲ್ಲಿ ಗವಾನನನ್ನು ಕೊಲ್ಲಿಸಿದರು ಅಂತಲೂ ಇತ್ತು. ಯಾಕೆ ಕೊಲ್ಲಿಸಿದರು? ಅಲ್ಲಿ ಎಲ್ಲರ ಹಾಳೆಯೂ ಖಾಲಿ. ಪುಸ್ತಕ ತೆಗೆದು ಅದೊಂದೇ ಪ್ಯಾರಾ ಮತ್ತೆ ಓದಿದೆವು. ಪರ್ಷಿಯಾದಿಂದ ಬಂದವನ ಏಳಿಗೆ ಸಹಿಸದ ಆಸ್ಥಾನದವರು ಅವನ ಮೊಹರು ಬಿದ್ದ ನಕಲಿ ಪತ್ರ ಮಾಡಿದರು, ಸುಲ್ತಾನ ಅದನ್ನು ನಂಬಿಬಿಟ್ಟ. ಈ ಸಲ ಅದು ತಲೆಯಲ್ಲಿ ಉಳಿಯಿತು. ಮುಂದಿನ ವಾರ ಬೇರೆ ಪಾಠ ನಡೆಯುತ್ತಿದ್ದಾಗ ಸರ್ ನಡುವೆಯೇ ಮತ್ತೆ ಅದನ್ನೇ ಕೇಳಿದರು.

ಈ ಕ್ರಮಕ್ಕೆ ಗಟ್ಟಿ ಆಧಾರ ಇರುವುದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಂದ ಒಂದು ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಸುಮಾರು ಶೇ. 42, ಓದಿ ಬರೆದದ್ದರಲ್ಲಿ ಶೇ. 56. ಪರೀಕ್ಷೆಯ ಹಿಂದಿನ ರಾತ್ರಿ ತಿರುಗಿಸಿ ಮುರುಗಿಸಿ ಓದಿದಾಗ ಎಲ್ಲಾ ಬಂದಂತೆ ಅನಿಸುವುದು ಇದಕ್ಕೇ. ಪುಟದ ತುಂಬಾ ಹಳದಿ ಬಣ್ಣ ಹಚ್ಚಿದರೂ ಹಾಗೇ ಅನಿಸುತ್ತದೆ. ದಯವಿಟ್ಟು ಅದನ್ನು ನಂಬಬೇಡಿ.

ಪಿಯುಸಿಗೆ ವಿಜ್ಞಾನ ತೆಗೆದುಕೊಂಡು ಕಲಬುರಗಿಗೆ ಹೋದಾಗ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡ ಮಾಧ್ಯಮದಿಂದ ಹೋಗುವ ನಿಮ್ಮಲ್ಲಿ ಹಲವರಿಗೆ ಈ ಕಷ್ಟ ಬಂದೇ ಬರುತ್ತದೆ. ಆಗ ಹತ್ತನೇ ತರಗತಿಯ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡಿ. ಹೃದಯದ ಪಾಠ ಬಂದಾಗ ನಾನು ಮೊದಲು ಅದರಲ್ಲಿ ಕನ್ನಡದಲ್ಲಿ ಓದಿದೆ, ಆಮೇಲೆ ಇಂಗ್ಲಿಷ್ ಪುಸ್ತಕ. ಎರಡನ್ನೂ ಮುಚ್ಚಿ ಚಿತ್ರ ಬರೆದೆ. ಬಲ ಹೃತ್ಕುಕ್ಷಿಯಿಂದ (ಹೃದಯದ ಕೆಳಗಿನ ಕೋಣೆ) ಶ್ವಾಸಕೋಶಕ್ಕೆ ಒಂದು ಬಾಣ, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ (ಮೇಲಿನ ಕೋಣೆ) ಇನ್ನೊಂದು. ಬಾಣ ಎಲ್ಲಿ ನಿಂತಿತೋ ಅಲ್ಲಿಂದಲೇ ಮತ್ತೆ ಓದು. ಹೀಗೆ ಓದಿದರೆ ಗೊತ್ತಿಲ್ಲದ ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯುವ ಕೆಲಸ ಬೀಳುವುದಿಲ್ಲ.

ಜೊತೆಗೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಹಾಸ್ಟೆಲಿನಲ್ಲಿ ನನ್ನ ಗೆಳತಿ ಪುಸ್ತಕ ಹಿಡಿದು ಕೂರುತ್ತಿದ್ದಳು, ನಾನು ನೋಡದೆ ಹೇಳುತ್ತಿದ್ದೆ. ಪ್ರತಿ ಉತ್ತರಕ್ಕೂ ಅವಳು "ಯಾಕ?" ಅಂತ ಕೇಳಬೇಕು, ಅದು ನಮ್ಮ ಒಪ್ಪಂದ. ನೀವೂ ಮೊದಲು ನಮ್ಮ ಬೀದರ್ ಮಾತಿನಲ್ಲೇ ಹೇಳಿನೋಡಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಆಮೇಲೆ ಕೂಡಿಸಿಕೊಳ್ಳಬಹುದು.